ಕೆಂಪು ಕಂಬಿ, ಕಪ್ಪು ಕಂಬಿ

ಕೊಯಮತ್ತೂರಿನ ಆಟದ ಸಾಮಾನಿನ ಅಂಗಡಿಯಲ್ಲಿ ರೈಲಿನ ಪೆಟ್ಟಿಗೆಯನ್ನು ಕೆಳಗಿಳಿಸಿಕೊಟ್ಟ ಹುಡುಗಿ, ಮಗುವಿಗೆ ಎಷ್ಟು ವಯಸ್ಸು ಎಂದು ತಮಿಳಿನಲ್ಲಿ ಕೇಳಿದಳು. ನನಗೇ ಬೇಕಾಗಿರುವುದು, ನಲವತ್ತು ದಾಟಿದೆ ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡಿದ್ದೆ.

ಸತ್ಯಮಂಗಲದಲ್ಲಿ ತಾಳವಾಡಿ ಬಸ್ಸು ಹತ್ತಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೆ. ದಿಂಬಂ ಘಟ್ಟದ ತಿರುವುಗಳಲ್ಲಿ ಅದು ಜಾರದಂತೆ ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದೆ. ಪಕ್ಕದಲ್ಲಿ ಕೂತಿದ್ದವರು ನಮ್ಮ ಕಡೆಯ ಹೆಂಗಸೇ. ಪೆಟ್ಟಿಗೆಯ ಮೇಲಿದ್ದ ಇಂಜಿನ್ನಿನ ಚಿತ್ರ ನೋಡಿ ಎಷ್ಟು ಮಕ್ಕಳು ಎಂದು ವಿಚಾರಿಸಿದರು. ಮಕ್ಕಳಿಲ್ಲ ಎಂದೆ. ಹಾಗಾದರೆ ಇದು ಯಾರಿಗೆ ಎಂದರು. ನನಗೆ ಎಂದೆ. ನನ್ನ ಮುಂಗೈ ಮೇಲೆ ತಮ್ಮ ಕೈಯಿಟ್ಟವರು ಘಟ್ಟ ಮುಗಿಯುವವರೆಗೂ ತೆಗೆಯಲಿಲ್ಲ. ನನ್ನ ರೈಲಿಗೆ ಬರಲಿದ್ದ ತೊಂದರೆ ಎಂಥದ್ದು ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ನಾನು ಹುಟ್ಟಿದ್ದು ಗಡಿಯಾಚೆ, ಕರ್ನಾಟಕದಲ್ಲಿ. ಚಾಮರಾಜನಗರದಲ್ಲಿ ಐಟಿಐ ಸೇರಿ ವೈರ್‌ಮನ್ ಕೆಲಸ ಕಲಿತೆ. ಆ ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಮದುವೆಯಾಗಿ ಪಣಕಹಳ್ಳಿ ಹತ್ತಿರದ ಈ ಬೇಸಾಯದ ಮನೆಗೆ ಬಂದೆ. ಕಲಿತದ್ದು ದಂಡವಾಗಲಿಲ್ಲ. ನಮ್ಮ ಬೋರ್‌ವೆಲ್ಲಿನ ಸ್ಟಾರ್ಟರ್ ಕೆಟ್ಟರೆ ತಾಳವಾಡಿಯಿಂದ ಯಾರನ್ನೂ ಕರೆಸಬೇಕಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಫ್ಯಾನು ನಿಂತರೂ ಮಿಕ್ಸಿ ಸುಟ್ಟರೂ ನನಗೇ ಕರೆ ಬರುತ್ತದೆ. ಟೆಸ್ಟರ್ ಹಿಡಿದ ಕೈ ನನ್ನದು ನಡುಗುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇರುವುದೇ ಹಾಗೆ.

ಐಟಿಐಯಲ್ಲಿ ನಮ್ಮ ಮೇಷ್ಟ್ರು ಒಂದು ದಿನ ಎರಡು ಕಂಬಿಗಳ ಮೇಲೆ ಅಂಗೈಯಗಲದ ಇಂಜಿನ್ ಇಟ್ಟು, ಬ್ಯಾಟರಿಯ ಎರಡು ವೈರು ಮುಟ್ಟಿಸಿದ್ದರು. ಇಂಜಿನ್ ಮುಂದೆ ಹೋಯಿತು. ವೈರನ್ನು ಅದಲು ಬದಲು ಮಾಡಿದರು, ಹಿಂದೆ ಬಂತು. ಅಲ್ಲಿಯವರೆಗೆ ಕರೆಂಟು ಅಂದರೆ ನನಗೆ ಪುಸ್ತಕದಲ್ಲಿ ಬರೆದ ಬಾಣದ ಗುರುತು. ಅವತ್ತು ಅದು ಚಕ್ರ ಕಟ್ಟಿಕೊಂಡು ನನ್ನ ಕಣ್ಣೆದುರಿಗೆ ನಡೆಯಿತು. ಅಂಥದ್ದೊಂದು ನನ್ನ ಮನೆಯಲ್ಲೂ ಇರಬೇಕು ಎಂದು ಆಗಲೇ ಆಸೆಪಟ್ಟಿದ್ದೆ. ಸ್ಟಾರ್ಟರ್, ಫ್ಯಾನು, ಮಿಕ್ಸಿ ಎಲ್ಲವೂ ಬೇಕಾದ ಕೆಲಸ. ಯಾರಿಗೂ ಬೇಡದ, ನನಗೆ ಮಾತ್ರ ಬೇಕಾದ ಕೆಲಸ ಇದೊಂದೇ.

ಯಜಮಾನರು ಪೆಟ್ಟಿಗೆ ನೋಡಿ ನಕ್ಕು, ಟಿಕೆಟ್ ಯಾರು ಕೊಡುತ್ತಾರೆ ಎಂದು ಕೇಳಿದರು. ಮಾರನೆಯ ದಿನ ತಾವೇ ತಾಳವಾಡಿಗೆ ಹೋಗಿ ಪ್ಲೈವುಡ್ ಹಲಗೆ ಕೊಯ್ಸಿ ತಂದರು. ಕೊಟ್ಟಿಗೆಯ ಪಕ್ಕ ಬೀಜದ ಮೂಟೆ ಇಡುವ ಕೋಣೆಯಲ್ಲಿ ಜಾಗ ಮಾಡಿಕೊಂಡೆ. ಅತ್ತೆ ಮಾತ್ರ ಏನೂ ಅನ್ನಲಿಲ್ಲ.

ನಮ್ಮತ್ತೆ ಏನೂ ಅನ್ನದೆ ಇರುವವರಲ್ಲ. ರಾಗಿ ಬೀಸಿದ್ದು ನುಣ್ಣಗಾಗಲಿಲ್ಲ ಎಂದು, ಹಸುವಿಗೆ ಮೇವು ತಡವಾಯಿತು ಎಂದು, ವಿಭೂತಿ ತಟ್ಟೆ ಇಟ್ಟಲ್ಲಿ ಇಲ್ಲ ಎಂದು ದಿನಕ್ಕೊಂದು ಸಲ ನನ್ನನ್ನು ಬೈಯದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಾನೂ ತಿರುಗಿ ಹೇಳುತ್ತಿದ್ದೆ. ಅದು ನಮ್ಮಿಬ್ಬರ ಬಳಕೆ. ರೈಲು ಬಂದ ದಿನದಿಂದ ಬೈಗುಳ ನಿಂತಿತು. ನಾನು ಹಲಗೆಯ ಮುಂದೆ ಕೂತಿದ್ದರೆ ತಾವೇ ಕಾಫಿ ತಂದು ಪಕ್ಕದಲ್ಲಿಟ್ಟು, ಸದ್ದಿಲ್ಲದೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆಯ ಜೊತೆ ಜಗಲಿಯಲ್ಲಿ ಮಾತಾಡುತ್ತಿದ್ದುದು ಕಿಟಕಿಯಿಂದ ಕೇಳಿಸಿತು.

"ಇರ್ಲಿ ಬುಡವ್ವ. ಮಡ್ಲು ಬರಿದಾಗೇ ಅದ. ಮನ್ಸು ಎಲ್ಲಾರ ಒಂದ್ಕಡೆ ನಿಲ್ಬೇಕಲ್ಲ ಅದ್ಕೂ."

ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದನ್ನು ಹಲಗೆಯ ಮೇಲೆ ಕುಕ್ಕಿ ಎದ್ದು ಹೋಗಿ ಏನಾದರೂ ಅಂದುಬಿಡಬೇಕೆನಿಸಿತು. ಆದರೆ ಹೋಗಲಿಲ್ಲ. ಮಕ್ಕಳಿಗಾಗಿ ನಾವು ಅಲೆಯದ ಆಸ್ಪತ್ರೆಯಿಲ್ಲ, ಹೊರದ ಹರಕೆಯಿಲ್ಲ. ಅಳುವುದನ್ನೆಲ್ಲ ನಾನೂ ಯಜಮಾನರೂ ಅತ್ತು ಮುಗಿಸಿ ವರ್ಷಗಳೇ ಆಗಿದ್ದವು. ಈಗ ನಾನು ಸಂತೋಷಕ್ಕೆ ಮಾಡುತ್ತಿದ್ದ ಕೆಲಸವನ್ನು ನೋಡಿದವರೆಲ್ಲ ದುಃಖ ಎಂದು ತಿಳಿಯುತ್ತಿದ್ದರು. ಬೈಗುಳವನ್ನು ತಡೆದುಕೊಳ್ಳಬಲ್ಲೆ, ಈ ಮೆತ್ತನೆಯ ಕರುಣೆಯನ್ನು ತಡೆಯಲಾರೆ ಎನಿಸಿತು.

ಕೆಲಸವನ್ನಂತೂ ನಿಲ್ಲಿಸಲಿಲ್ಲ. ಹಳಿಯ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮೊಟ್ಟೆಯಾಕಾರದ ದಾರಿ ಮಾಡಿದೆ. ಹಳೆಯ ಪೇಪರು ನೆನೆಸಿ ಮೈದಾ ಅಂಟಿನಲ್ಲಿ ಕಲಸಿ ಗುಡ್ಡ ಕಟ್ಟಿದೆ. ಹಳಿಯ ಪಕ್ಕ ಜಲ್ಲಿಯ ಬದಲು ಜರಡಿ ಹಿಡಿದ ಮರಳು ಅಂಟಿಸಿದೆ. ರೈಲಿನ ಜೊತೆ ಬಂದಿದ್ದ ಕರೆಂಟಿನ ಡಬ್ಬಿಯಿಂದ ಎರಡು ವೈರು ತೆಗೆದು ಕಂಬಿಗಳಿಗೆ ಬೆಸುಗೆ ಹಾಕಿ ಗುಂಡಿ ತಿರುಗಿಸಿದಾಗ, ಇಂಜಿನ್ ಮೂರು ಬೋಗಿ ಎಳೆದುಕೊಂಡು ಹೊರಟಿತು. ಆಚೆ ಬದಿಗೆ ಹೋದಾಗ ಮಾತ್ರ ಸುಸ್ತಾದಂತೆ ನಿಧಾನವಾಗುತ್ತಿತ್ತು. ಯಜಮಾನರು ಇಂಜಿನ್ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ಹನಿ ನೀರಾವರಿ ಪೈಪಿನ ಕೊನೆಯ ಗಿಡಕ್ಕೆ ನೀರು ಸಣ್ಣಗಾಗುತ್ತದಲ್ಲ ಹಾಗೆ, ಅಷ್ಟು ಕೂಡಿಕೆ ದಾಟಿ ಹೋಗುವಷ್ಟರಲ್ಲಿ ಕರೆಂಟು ಸೊರಗುತ್ತದೆ ಎಂದು ಅವರಿಗೆ ತೋರಿಸಿದೆ. ಹಲಗೆಯ ಅಡಿಯಿಂದ ಇನ್ನೊಂದು ಜೊತೆ ವೈರು ಎಳೆದು ಆಚೆ ಬದಿಗೂ ಕೊಟ್ಟೆ. ಆಮೇಲೆ ಸುತ್ತಿನುದ್ದಕ್ಕೂ ಒಂದೇ ವೇಗ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇದು ಎತ್ತ ಹೋಗುತ್ತದೆ ಎಂದು ಕೇಳಿದರು. ಎತ್ತಲೂ ಇಲ್ಲ, ಇಲ್ಲೇ ಸುತ್ತುತ್ತದೆ ಎಂದೆ.

"ಗಾಣದೆತ್ತು ಸುತ್ತುದ್ರೆ ಎಣ್ಣೆನಾರ ಬತ್ತದ" ಎಂದು ಹೇಳಿ ಹೊರಟುಹೋದರು.

ಮಾತು ನಾಟಿತು. ರೈಲು ಅಂದರೆ ಒಂದೂರಿಂದ ಇನ್ನೊಂದೂರಿಗೆ ಹೋಗಿ ತಿರುಗಿ ಬರಬೇಕು. ಕೊರಿಯರಿನಲ್ಲಿ ಇನ್ನಷ್ಟು ಹಳಿ ತರಿಸಿದೆ. ಗೋಡೆಯುದ್ದಕ್ಕೂ ಹಲಗೆ ಬೆಳೆಸಿ, ನಡುವೆ ನೇರ ದಾರಿ, ಎರಡು ತುದಿಗೂ ಒಂದೊಂದು ಕುಣಿಕೆಯಂಥ ಸುತ್ತು ಮಾಡಿದೆ. ಒಂದು ತುದಿ ತಾಳವಾಡಿ, ಇನ್ನೊಂದು ಚಾಮರಾಜನಗರ. ಗಾಡಿ ಚಾಮರಾಜನಗರದಲ್ಲಿ ಕುಣಿಕೆ ಸುತ್ತಿ, ಬಂದ ದಾರಿಯಲ್ಲೇ ಮುಖ ತಿರುಗಿಸಿಕೊಂಡು ತಾಳವಾಡಿಗೆ ಬರಬೇಕು. ನಮ್ಮ ತಾಳವಾಡಿಗೆ ರೈಲು ಬಂದಿಲ್ಲ, ನಾನೇ ತರುತ್ತೇನೆ ಎಂದು ಯಜಮಾನರಿಗೆ ಹೇಳಿದೆ.

ಗುಂಡಿ ತಿರುಗಿಸಿದೆ. ಗಾಡಿ ಅಲುಗಲಿಲ್ಲ. ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿತು. ಎರಡೂ ಕಂಬಿಯ ಕರೆಂಟು ಎಲ್ಲೋ ಒಂದಕ್ಕೊಂದು ತಾಗಿ ಶಾರ್ಟ್ ಆಗಿದೆ.

ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ವೈರು ಬದಲಾಯಿಸಿದೆ. ಹಳಿಯ ಮಧ್ಯೆ ತಂತಿಯ ಚೂರು ಬಿದ್ದಿದೆಯೇ ಎಂದು ಕುಂಚದಿಂದ ಗುಡಿಸಿದೆ. ಬೆಳಿಗ್ಗೆ ಹೊಲ, ಮಧ್ಯಾಹ್ನ ಊಟವಾದ ಮೇಲೆ ಹಲಗೆ. ವಾರ ಕಳೆದರೂ ಕೆಂಪು ದೀಪ ಆರಲಿಲ್ಲ. ಬೋರ್‌ವೆಲ್ ಮೋಟರಿಗೆ ಹೆದರದ ನಾನು ಆಟದ ರೈಲಿನ ಮುಂದೆ ಕೂತು ತಲೆ ಕೆರೆದುಕೊಂಡೆ. ನನಗೆ ಗೊತ್ತಾಗದೆ ಹೋದೀತು ಎಂದು ಒಂದು ಗಳಿಗೆಯೂ ಅನಿಸಲಿಲ್ಲ, ಆದರೆ ಸಿಟ್ಟು ಬರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಅತ್ತೆ ಕಾಫಿ ತಂದಿಟ್ಟು, ಹೋಗದೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಬುಡು ಮಗ. ಬರ್ದೆ ಇರಾದ್ನ ಎಷ್ಟು ಅಂತ ಕಾಯಾದು. ನಮ್ ಅಣೇಲಿಲ್ಲ ಅನ್ಕಬೇಕು."

ಕರೆಂಟು ಅಳೆಯುತ್ತಿದ್ದ ಮೀಟರನ್ನು ಕೆಳಗಿಟ್ಟೆ. "ಅತ್ತೆ, ನೀವು ರೈಲಿನ ಮಾತಾಡ್ತಿಲ್ಲ" ಎಂದೆ.

ಅವರು ಕಾಫಿ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದರು.

"ಮಕ್ಕಳಿಲ್ಲ ಅಂತ ಇದ ನಾನು ತಂದಿಲ್ಲ. ನಾಕು ಮಕ್ಕಳಿದ್ರೂ ತತ್ತಿದ್ದೆ. ಅವುಕ್ಕೆ ಎಟುಕ್ದಂಗೆ ಮ್ಯಾಲಿಡ್ತಿದ್ದೆ."

"ಮತ್ಯಾತಕ್ಕವ್ವ?"

"ನಂಗೆ ಇದು ಆಸೆ."

"ಬರೀ ಆಸೆಗೇಯಾ?"

"ಬರೀ ಆಸೆಗೇಯ."

ಅತ್ತೆ ಹೆಗಲ ಮೇಲಿದ್ದ ಕೈಯನ್ನು ತೆಗೆದು ಸೆರಗಿಗೆ ಒರೆಸಿಕೊಂಡು ಹೊರಗೆ ಹೋದರು. ನೊಂದುಕೊಂಡರೋ ಏನೋ ಎಂದು ಸಂಜೆಯವರೆಗೂ ನನಗೆ ಕಳವಳವಿತ್ತು. ಮಾತು ಒರಟಾಯಿತೇ ಎಂದು ಯಜಮಾನರನ್ನು ಕೇಳಿದೆ. ಅವರು, ಎಂದೋ ಆಡಬೇಕಾಗಿದ್ದ ಮಾತು ಎಂದರು.

ಮರುದಿನ ಬೆಳಿಗ್ಗೆ ಹಾಲು ಕರೆದು ತರುತ್ತಿದ್ದೆ. ಅತ್ತೆ ಕೋಣೆಯ ಹೊಸ್ತಿಲ ಮೇಲೆ ಕೂತು ಅಂಗಾಲು ನೋಡಿಕೊಳ್ಳುತ್ತಿದ್ದರು.

"ತಾಮ್ರದ ಚೂರು ಚುಚ್ಕಂತು. ಅಷ್ಟು ಓದಿರ ಎಣ್ಣು, ಕಸ ಗುಡ್ಸಾದ ಯಾರೂ ಏಳ್ಕೊಡ್ನಿಲ್ವ ನಿಂಗೆ?"

ಚೂರನ್ನು ಕಿತ್ತು ಅರಿಸಿನ ಹಚ್ಚಿದೆ. ಹಚ್ಚುವಾಗಲೂ ಬೈದರು. ನೋಡಿಕೊಂಡು ಕಾಲಿಡಬಾರದೇ ಎಂದು ನಾನೂ ಅಂದೆ. ಆ ದಿನ ರೊಟ್ಟಿ ತಟ್ಟುವಾಗ ನನಗೆ ಗೊತ್ತಿಲ್ಲದೆಯೇ ಹಾಡು ಗುನುಗುತ್ತಿದ್ದೆನಂತೆ. ಯಜಮಾನರು ಆಮೇಲೆ ಹೇಳಿದರು.

ಮನಸ್ಸು ಹಗುರವಾದದ್ದಕ್ಕೋ ಏನೋ, ಅವತ್ತೇ ದಾರಿ ಹೊಳೆಯಿತು. ವೈರಿನಲ್ಲಿ ತಪ್ಪಿಲ್ಲದಿದ್ದರೆ ತಪ್ಪು ಇರುವುದು ಹಳಿ ಹಾಕಿದ ದಾರಿಯಲ್ಲೇ. ಕೆಂಪು ಉಗುರು ಬಣ್ಣದ ಸೀಸೆ ತೆಗೆದು, ಒಂದು ಕಂಬಿಯ ಹೊರಮೈಗೆ ಉದ್ದಕ್ಕೂ ಚುಕ್ಕೆ ಇಡುತ್ತ ಹೋದೆ. ಇನ್ನೊಂದಕ್ಕೆ ಕಾಡಿಗೆ. ನೇರ ದಾರಿಯಲ್ಲಿ ಎಡಗಡೆ ಕೆಂಪು, ಬಲಗಡೆ ಕಪ್ಪು. ಕುಣಿಕೆ ಸುತ್ತಿ ಹಿಂದಕ್ಕೆ ಬಂದರೆ, ಕೆಂಪು ಚುಕ್ಕೆಯ ಕಂಬಿ ನೇರವಾಗಿ ಹೋಗಿ ಕಪ್ಪು ಕಂಬಿಗೆ ಸೇರಿಕೊಂಡಿತ್ತು. ಗಾಡಿ ಮುಖ ತಿರುಗಿಸಿದಾಗ ಕಂಬಿಗಳೂ ಎಡಬಲ ತಿರುಗುತ್ತವೆ. ಆ ಹಾದಿ ಹಾಕಿದವಳು ನಾನೇ, ಶಾರ್ಟ್ ಮಾಡಿದವಳೂ ನಾನೇ. ಕೂತಲ್ಲೇ ಜೋರಾಗಿ ನಕ್ಕೆ.

ತಿಳಿದ ಮೇಲೆ ಮಾಡುವುದು ಕಷ್ಟವಲ್ಲ. ಕುಣಿಕೆ ಶುರುವಾಗುವ ಕಡೆ, ಮುಗಿಯುವ ಕಡೆ ಎರಡೂ ಕಂಬಿಗಳ ಲೋಹದ ಕೂಡಿಕೆ ತೆಗೆದು ಪ್ಲಾಸ್ಟಿಕ್ಕಿನದು ಹಾಕಿ ಬೇರೆ ಮಾಡಿದೆ. ಕುಣಿಕೆಗಳಿಗೆ ಡಬ್ಬಿಯಿಂದ ನೇರವಾಗಿ ಕರೆಂಟು. ನಡುವಿನ ದಾರಿಗೆ ಮಾತ್ರ ಒಂದು ಸ್ವಿಚ್ಚಿನ ಮೂಲಕ. ಅದನ್ನು ಒತ್ತಿದರೆ ಎರಡು ವೈರುಗಳು ಅದಲು ಬದಲಾಗುತ್ತವೆ. ಗಾಡಿ ಪೂರ್ತಿ ಕುಣಿಕೆಯೊಳಗೆ ಇರುವಾಗ ಸ್ವಿಚ್ಚು ಒತ್ತಬೇಕು. ಅದೇ ಹೊತ್ತಿಗೆ ಹಳಿ ಕವಲೊಡೆಯುವಲ್ಲಿ ಸಣ್ಣ ಕೀಲನ್ನು ಸರಿಸಿ ದಾರಿಯನ್ನೂ ಬದಲಾಯಿಸಬೇಕು. ಸ್ವಿಚ್ಚು ಡಬ್ಬಿಯ ಪಕ್ಕ, ಕೀಲುಗಳು ಎರಡು ತುದಿಯಲ್ಲಿ. ಇದು ಒಬ್ಬರ ಕೈಗೆ ಆಗುವ ಕೆಲಸವಲ್ಲ.

ಅತ್ತೆಯನ್ನು ಕರೆದೆ. ಶಾಕ್ ಹೊಡೆಯುವುದಿಲ್ಲವೇ ಎಂದು ಕೇಳಿದರು. ನನ್ನ ಅಂಗೈಯನ್ನು ಕಂಬಿಗಳ ಮೇಲಿಟ್ಟು ತೋರಿಸಿದೆ. ಅವರೂ ಒಂದು ಬೆರಳಿಟ್ಟು ನೋಡಿ, ಕುರ್ಚಿ ಎಳೆದುಕೊಂಡು ಸ್ವಿಚ್ಚಿನ ಮುಂದೆ ಕೂತರು. ಮೊದಲ ಸಲ ಅವಸರ ಮಾಡಿದರು. ಅರ್ಧ ಗಾಡಿ ಹೊರಗಿರುವಾಗಲೇ ಒತ್ತಿದ್ದರಿಂದ ಇಂಜಿನ್ ನಿಂತು ಕೆಂಪು ದೀಪ ಹತ್ತಿತು. ಎರಡನೆಯ ಸಲ ತಡ ಮಾಡಿದರು. ನಾನು ಬೈದೆ. ನೀನು ಕೀಲು ಸರಿಯಾಗಿ ಸರಿಸಲಿಲ್ಲ ಎಂದು ಅವರು ಬೈದರು, ಅದೂ ನಿಜವೇ. ಆಮೇಲೆ ಕೈಗೆ ಹದ ಸಿಕ್ಕಿತು. ಗಾಡಿ ತಾಳವಾಡಿಯಿಂದ ಹೊರಟು, ಚಾಮರಾಜನಗರದಲ್ಲಿ ಸುತ್ತಿ, ನಿಲ್ಲದೆ ತಿರುಗಿ ಬಂತು. ಅತ್ತೆ ಮುಖದಲ್ಲಿ ಏನೂ ತೋರಿಸದೆ, ಇನ್ನೊಂದು ಸಲ ಬಿಡು ಎಂದರು.

ಈಗ ಸಂಜೆ ಹೊತ್ತು ಕೆಲಸ ಮುಗಿದರೆ ಅವರೇ ಕೇಳುತ್ತಾರೆ. ಮೊನ್ನೆ ನಾದಿನಿ ಬಂದಿದ್ದಳು. ಕೋಣೆಯ ಬಾಗಿಲಲ್ಲಿ ನಿಂತು ಒಂದು ಸುತ್ತು ನೋಡಿದವಳು, ಒಳಗೆ ಬಂದು ಹಲಗೆಗೆ ಕೈಯೂರಿ, ಪಾಪ ಅತ್ತಿಗೆ ಹೊತ್ತು ಕಳೆಯೋದಕ್ಕೆ ಏನೋ ಒಂದು ಮಾಡಿಕೊಂಡಿದ್ದಾರೆ ಎಂದು ತನ್ನ ತಾಯಿಗೆ ಮೆಲ್ಲಗೆ ಹೇಳಿದಳು. ಅತ್ತೆ ಸ್ವಿಚ್ಚಿನಿಂದ ಕಣ್ಣು ತೆಗೆಯಲಿಲ್ಲ.

"ಪಾಪ ಯಾಕವ್ವ? ಅವುಳ್ಗೆ ಆಸೆ, ಮಾಡ್ಕಂಡವ್ಳೆ. ಕೈ ತಗಿ ಅಲ್ಗೆ ಮ್ಯಾಲಿಂದ, ಗಾಡಿ ಬತ್ತದ."

ನಾದಿನಿ ಕೈ ತೆಗೆದಳು. ಸ್ವಲ್ಪ ಹೊತ್ತು ನೋಡಿದ ಮೇಲೆ ತಾನೂ ಒಂದು ಸಲ ಓಡಿಸಲೇ ಎಂದು ಕೇಳಿದಳು. ಗುಂಡಿಯನ್ನು ಅವಳಿಗೆ ಬಿಟ್ಟುಕೊಟ್ಟೆ. ಪೂರ್ತಿ ತಿರುಗಿಸಿಬಿಟ್ಟಳು, ತಿರುವಿನಲ್ಲಿ ಕೊನೆಯ ಬೋಗಿ ಮಗುಚಿತು. ಅತ್ತೆ ಅವಳನ್ನು ಬೈದರು, ಮೊದಲೇ ಹೇಳಿಕೊಡಲಿಲ್ಲವೆಂದು ನನ್ನನ್ನೂ ಬೈದರು. ಬೋಗಿಯನ್ನು ಎತ್ತಿ, ಚಕ್ರಗಳನ್ನು ಹಳಿಯ ಮೇಲೆ ಕೂರಿಸಿ, ನಿಧಾನ ಎಂದು ನಾದಿನಿಗೆ ಹೇಳಿ ನಾನು ಚಾಮರಾಜನಗರದ ಕೀಲಿನ ಬಳಿ ಹೋಗಿ ನಿಂತೆ. ಗಾಡಿ ಗುಡ್ಡದ ಪಕ್ಕದಿಂದ ಬಂದು ಕುಣಿಕೆಯೊಳಗೆ ಹೊಕ್ಕಿತು. ಕೊನೆಯ ಬೋಗಿಯೂ ಒಳಗೆ ಬರಲಿ ಎಂದು ಅತ್ತೆ ಕಾದರು, ಆಮೇಲೆ ಒತ್ತಿದರು.