ಒಬ್ಬರಿಗೆ ಸಾಕಾಗುವ ಗ್ರೈಂಡರ್

ನಾನು ಕೆಲಸ ಮಾಡುವುದು ಮೂಡುಬಿದಿರೆಯ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಅಡುಗೆಮನೆಯ ಗ್ರೈಂಡರುಗಳು ತಯಾರಾಗುತ್ತವೆ. ಹೊಸದಾಗಿ ಏನು ಮಾಡಬೇಕು, ಯಾರಿಗಾಗಿ ಮಾಡಬೇಕು, ಅವರು ಅದನ್ನು ಯಾಕೆ ಕೊಳ್ಳಬೇಕು ಎಂದು ಬರೆದುಕೊಡುವುದು ನನ್ನ ಪಾಲಿನ ಕೆಲಸ. ಉತ್ಪನ್ನ ಯೋಜನೆ ಎಂದು ಅದಕ್ಕೊಂದು ಗಂಭೀರ ಹೆಸರು ಇದೆ. ಅದನ್ನು ಯಾರೂ ಓದುವುದಿಲ್ಲ. ನಮ್ಮ ಧಣಿಗಳು ಮೊದಲ ಪುಟದ ಚಿತ್ರ ನೋಡಿ ನೇರ ಕೊನೆಯ ಪುಟಕ್ಕೆ ಹಾರುತ್ತಾರೆ. ಉಳಿದವರು ಹಾರುವ ಶ್ರಮವನ್ನೂ ತೆಗೆದುಕೊಳ್ಳದೆ "ಒಳ್ಳೆದುಂಟು ಸಾರ್" ಎಂದುಬಿಡುತ್ತಾರೆ. ಈ "ಒಳ್ಳೆದುಂಟು" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಿಜವಾಗಿ ಓದುತ್ತಿದ್ದವಳು ನನ್ನ ಹೆಂಡತಿ. ಅವಳು ನರ್ಸ್. ಮಂಗಳೂರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂಟ್ವಾಳದ ನಮ್ಮ ಮನೆಗೆ ಬರುವಾಗ ಅವಳಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ನಾನು ಗ್ರೈಂಡರಿನಲ್ಲಿ ಅಕ್ಕಿ ಕಡೆದಿಟ್ಟು, ಕಾವಲಿ ಕಾಯಿಸಿ ಕಾಯುತ್ತಿದ್ದೆ. ನೀರು ದೋಸೆಯ ಕ್ರಮವೇ ಹಾಗೆ, ಒಬ್ಬರು ಹೊಯ್ಯಬೇಕು, ಇನ್ನೊಬ್ಬರು ತಿನ್ನಬೇಕು. ಕಾವಲಿಯಿಂದ ಎದ್ದದ್ದು ತಟ್ಟೆಗೇ ಬೀಳಬೇಕು. ಅವಳು ನಾಲ್ಕು ತಿಂದ ಮೇಲೆ ನಾನು ಸೌಟನ್ನು ಅವಳ ಕೈಗೆ ಕೊಟ್ಟು ಅವಳ ಕುರ್ಚಿಯಲ್ಲಿ ಕೂರುತ್ತಿದ್ದೆ. ಆಮೇಲೆ ಅವಳು ಹೊಯ್ಯುತ್ತಿದ್ದಳು, ನಾನು ತಿನ್ನುತ್ತಿದ್ದೆ.

ತನ್ನ ಸರದಿಯಲ್ಲಿ ಅವಳು ಎಡಗೈಯಲ್ಲಿ ನನ್ನ ಯೋಜನೆಯ ಹಾಳೆ ಹಿಡಿದುಕೊಂಡು ಓದುತ್ತಿದ್ದಳು.

"ಇದು ಯಾರು ಮಾರಾಯ್ರೇ, ಈ ಆಧುನಿಕ ಗೃಹಿಣಿ? ಇವಳಿಗೆ ಕೈಕಾಲು ಉಂಟಾ, ಅಲ್ಲ ಬರೀ ಅಗತ್ಯ ಮಾತ್ರವಾ?"

ನಾನು ಸಿಟ್ಟಿನಿಂದ ಹಾಳೆ ಕಸಿದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಕೂತು ನೋಡಿದರೆ ಅವಳು ಹೇಳಿದ್ದೇ ಸರಿ ಇರುತ್ತಿತ್ತು. ನಮ್ಮ ಮನೆಮಾತು ತುಳು. ಗೇಲಿಗೆ ಅದರಷ್ಟು ಹದವಾದ ಭಾಷೆ ನನಗೆ ಗೊತ್ತಿಲ್ಲ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅರ್ಧ ಖಾರ ಇಳಿದುಹೋಗಿದೆ.

ಅವಳಿಗೆ ಕುವೈಟಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ದೊಡ್ಡ ಆಸ್ಪತ್ರೆ, ಅವಳಿಗೆ ಇಷ್ಟವಾದ ವಾರ್ಡು. ನಾನೇ ಹುರಿದುಂಬಿಸಿ ಕಳಿಸಿದೆ. ಗಂಡ ಗಲ್ಫಿನಲ್ಲಿರುವ ಹೆಂಗಸರು ನಮ್ಮ ಊರಿನಲ್ಲಿ ಬೇಕಾದಷ್ಟು ಇದ್ದಾರೆ, ಅವರಿಗೆ ಅವರದೇ ಒಂದು ಗತ್ತು ಇದೆ. ಹೆಂಡತಿ ಗಲ್ಫಿನಲ್ಲಿರುವ ಗಂಡಸನ್ನು ಏನೆಂದು ತಿಳಿಯಬೇಕು ಎಂದು ಊರು ಇನ್ನೂ ತೀರ್ಮಾನಿಸಿಲ್ಲ. ಮದುವೆ ಊಟದಲ್ಲಿ ಪಕ್ಕ ಕೂತವರು ತಲೆ ಒಂದು ಬದಿಗೆ ವಾಲಿಸಿ, "ಮತ್ತೆ, ಊಟಕ್ಕೆಲ್ಲ ಹೇಗೆ ಮಾಡ್ತೀರಿ?" ಎಂದು ಕೇಳುತ್ತಿದ್ದರು. ಮೊದಲೆಲ್ಲ ನನ್ನ ಹೊಟ್ಟೆಯನ್ನೂ ನನ್ನ ಹಳದಿ ಅಂಗಿಯನ್ನೂ ಬಿಡದೆ ಗೇಲಿ ಮಾಡುತ್ತಿದ್ದವರು ಇವರೇ. ಈಗ ಆಸ್ಪತ್ರೆಗೆ ಕಿತ್ತಳೆ ಹಿಡಿದುಕೊಂಡು ಬಂದವರ ಹಾಗೆ ಮಾತಾಡತೊಡಗಿದರು. ಖಾಲಿ ಮನೆಗಿಂತ ಈ ಮೆತ್ತಗಿನ ಮಾತೇ ನನ್ನನ್ನು ಹೆಚ್ಚು ಒಂಟಿ ಮಾಡಿತು.

ಫೋನಿನಲ್ಲಿ ಅವಳೂ ಹಾಗೇ ಆದಳು. ದೂರದಲ್ಲಿರುವವರನ್ನು ಚುಚ್ಚಬಾರದು ಎಂದು ಇಬ್ಬರಿಗೂ ಅನಿಸಿರಬೇಕು. ಊಟ ಆಯಿತಾ, ಆಯಿತು. ಅಲ್ಲಿ ಸೆಕೆಯಾ, ಸೆಕೆ. ಅಷ್ಟು ಹೇಳಿ ಇಡುತ್ತಿದ್ದೆವು.

ಕಾರ್ಖಾನೆಯ ಕಂಪ್ಯೂಟರಿಗೆ ಎಐ ಸಹಾಯಕ ಬಂದದ್ದು ಆ ಸಮಯದಲ್ಲಿ. ಉಳಿದವರು ಅದರ ಕೈಯಲ್ಲಿ ಪತ್ರ ಬರೆಸಿದರು. ನಾನು ಒಂದು ಮಧ್ಯಾಹ್ನ ತಲೆ ಕೆಟ್ಟು, ಗ್ರೈಂಡರಿಗೆ ಸಿಕ್ಕಿಸಿ ಕಾಯಿ ತುರಿಯುವ ಹೊಸ ಉಪಕರಣದ ಯೋಜನೆಯನ್ನು ಅದರೊಳಗೆ ಹಾಕಿ, "ಇದನ್ನು ಓದಿ ಚೆನ್ನಾಗಿ ಗೇಲಿ ಮಾಡು, ದಾಕ್ಷಿಣ್ಯ ಬೇಡ" ಎಂದು ಟೈಪು ಮಾಡಿದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆಯಿತು:

"ಎರಡನೆಯ ಪುಟದಲ್ಲಿ ಈ ಯಂತ್ರ ಮೌನವಾಗಿ ಕೆಲಸ ಮಾಡುತ್ತದೆ ಎಂದಿದ್ದೀರಿ. ಆರನೆಯ ಪುಟದಲ್ಲಿ ಇದರ ಸದ್ದಿಗೆ ನೆರೆಮನೆಯವರು ದೂರು ಕೊಟ್ಟಿದ್ದಾರೆ. ಈ ಎರಡು ಪುಟಗಳಿಗೆ ಇನ್ನೂ ಪರಸ್ಪರ ಪರಿಚಯವಾದಂತಿಲ್ಲ. ದಯವಿಟ್ಟು ಒಮ್ಮೆ ಭೇಟಿ ಮಾಡಿಸಿ."

ನಾನು ಗಟ್ಟಿಯಾಗಿ ನಕ್ಕೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅದರ ಕನ್ನಡ ಅಚ್ಚ ಪುಸ್ತಕದ್ದು. ನಮ್ಮ ಕಡೆಯವರ ಕನ್ನಡವೂ ಶಾಲೆಯಲ್ಲಿ ಕಲಿತದ್ದೇ ಆದ್ದರಿಂದ ಅದು ಬಂಟ್ವಾಳ, ಬೆಳ್ತಂಗಡಿ ಕಡೆಯ ಯಾರೋ ಮೇಷ್ಟರ ಹಾಗೆ ಕೇಳಿಸಿತು. ಅಂದಿನಿಂದ ಏನು ಬರೆದರೂ ಅದರ ಮುಂದೆ ಇಡುವುದು ಅಭ್ಯಾಸವಾಯಿತು. ಬೈಸಿಕೊಳ್ಳಲಿಕ್ಕೆಂದು ಬರೆಯುವವನಾದೆ. ಸಂಜೆ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಅದರ ಗೇಲಿಗಳನ್ನು ನೆನೆಸಿಕೊಂಡು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದೆ. ಮನೆಗೆ ಬಂದರೆ ಹೇಳಲು ಯಾರೂ ಇರುತ್ತಿರಲಿಲ್ಲ.

ಒಂದು ದಿನ ಹೆಂಡತಿ ಫೋನಿನಲ್ಲಿ, "ಕಾಂಟ್ರಾಕ್ಟ್ ಮುಗೀಲಿಕ್ಕೆ ಬಂತು. ಇನ್ನೂ ಎರಡು ವರ್ಷ ಇರ್ತೀರಾ ಕೇಳ್ತಾರೆ. ಏನು ಮಾಡುವ?" ಎಂದಳು.

"ನಿನಗೆ ಹೇಗೆ ಸರಿ ಕಾಣ್ತದೋ ಹಾಗೆ ಮಾಡು. ನನಗೇನೂ ತೊಂದರೆ ಇಲ್ಲ."

"ಇಲ್ವಾ?"

"ಇಲ್ಲ ಮಾರಾಯ್ತಿ."

ಅವಳು "ಸರಿ, ನೋಡುವ" ಎಂದಳು. ನನಗೆ ಬಾಯಿಗೆ ಬಂದದ್ದು ಬೇರೆ. ಬಾ, ಸಾಕು, ಮನೆಗೆ ಬಾ ಎಂದು ಹೇಳಬೇಕಿತ್ತು. ಅವಳ ಕೆಲಸಕ್ಕೆ ನಾನು ಅಡ್ಡ ಬಂದ ಹಾಗೆ ಆಗಬಾರದು ಎಂದು ನುಂಗಿಕೊಂಡೆ.

ನುಂಗಿದ್ದು ಇನ್ನೊಂದು ದಾರಿಯಿಂದ ಹೊರಗೆ ಬಂತು. ನಮ್ಮ ಮನೆಯ ಗ್ರೈಂಡರಿಗೆ ಒಂದು ಮುಷ್ಟಿ ಅಕ್ಕಿ ಹಾಕಿದರೆ ಅದು ಕಡೆಯುವುದಿಲ್ಲ. ಅಕ್ಕಿ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ಕಲ್ಲು ಸುಮ್ಮನೆ ತಿರುಗುತ್ತದೆ. ಮಿಕ್ಸಿಯಲ್ಲಿ ಹಾಕಿದರೆ ಹಿಟ್ಟು ಬಿಸಿಯಾಗಿ ರುಚಿ ಕೆಡುತ್ತದೆ. ಒಬ್ಬರಿಗೆ ಸಾಕಾಗುವ ಒಂದು ಪುಟ್ಟ ಕಲ್ಲಿನ ಗ್ರೈಂಡರ್ ಯಾಕೆ ಇರಬಾರದು? ನಾನು ಉತ್ಸಾಹದಿಂದ ಯೋಜನೆ ಬರೆಯತೊಡಗಿದೆ. ಅಷ್ಟು ಮನಸ್ಸಿಟ್ಟು ಮೊದಲು ಯಾವುದನ್ನೂ ಬರೆದಿರಲಿಲ್ಲ.

ಮಡಂತ್ಯಾರಿನಲ್ಲಿ ನಮ್ಮ ಗ್ರೈಂಡರ್ ಮಾರುವ ಬ್ಯಾರಿ ಸಮುದಾಯದ ಒಬ್ಬರು ಅಂಗಡಿಯವರು ಇದ್ದಾರೆ. ಹಳೇ ಪರಿಚಯ, ನಾಲಗೆ ಚೂರಿ. ಅವರ ಅಭಿಪ್ರಾಯ ಕೇಳಲು ಹೋದೆ.

"ಸಣ್ಣದು ಯಾರಿಗೆ ಸಾರ್?" ಎಂದು ಅವರು ಜೋರಾಗಿ ನಕ್ಕರು. "ಗ್ರೈಂಡರ್ ತೆಗೊಳ್ಳುದು ಮದುವೆಗೆ ಕೊಡ್ಲಿಕ್ಕೆ, ಇಲ್ಲಾಂದ್ರೆ ಹೊಸ ಮನೆ ಒಕ್ಕಲಿಗೆ. ಒಬ್ಬರಿಗೆ ಮಾತ್ರ ಆಗುವಂಥದ್ದನ್ನು ಮದುಮಗಳಿಗೆ ಕೊಟ್ರೆ ಅವಳ ಅಪ್ಪ ನನ್ನನ್ನು ಬಿಡ್ತಾನಾ?"

ನನಗೆ ಖುಷಿಯಾಯಿತು. ವಾದ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವರಿಗೆ ಏನೋ ನೆನಪಾಯಿತು. ನಗು ಇಳಿಯಿತು. ಒಂದು ಕುರ್ಚಿ ಎಳೆದು, "ಕೂತ್ಕೊಳ್ಳಿ ಸಾರ್. ಮೇಡಂ ಹೇಗಿದ್ದಾರೆ ಅಲ್ಲಿ? ಒಂದು ಚಾ ಕುಡಿಯುವ" ಎಂದರು. ಮತ್ತೆ ಗ್ರೈಂಡರಿನ ಸುದ್ದಿ ಬಂದಾಗ "ಮಾಡಿ ಸಾರ್, ಒಳ್ಳೆದುಂಟು" ಎಂದರು. ಚಾ ಸಕ್ಕರೆ ಹೆಚ್ಚಾಗಿ ಕುಡಿಯಲು ಆಗಲಿಲ್ಲ.

ಮರುದಿನ ಯೋಜನೆಯನ್ನು ಎಐಗೆ ಕೊಟ್ಟೆ. ದಾಕ್ಷಿಣ್ಯ ಬೇಡ ಎಂದು ಎಂದಿನಂತೆ ಹೇಳಿದೆ. ಅದು ನನ್ನ ಪೀಠಿಕೆಯನ್ನು ಗೇಲಿ ಮಾಡಿತು, ಬಣ್ಣಗಳ ಹೆಸರನ್ನು ಗೇಲಿ ಮಾಡಿತು. ಕೊನೆಗೆ ಬಳಕೆದಾರನ ಹತ್ತಿರ ಬಂತು.

"ನಿಮ್ಮ ಬಳಕೆದಾರನ ಬಗ್ಗೆ ನನಗೆ ಗಂಭೀರ ಸಂಶಯಗಳಿವೆ. ಇವನು ಒಬ್ಬನೇ ಅಕ್ಕಿ ನೆನೆಹಾಕುತ್ತಾನೆ, ಒಬ್ಬನೇ ರುಬ್ಬುತ್ತಾನೆ, ಒಬ್ಬನೇ ತಿನ್ನುತ್ತಾನೆ, ಆಮೇಲೆ ಕಲ್ಲು, ಡ್ರಮ್ಮು, ಮುಚ್ಚಳ ಎಲ್ಲವನ್ನೂ ತೊಳೆದು ಒರೆಸಿಡುತ್ತಾನೆ. ನಿಜವಾದ ಒಂಟಿ ಮನುಷ್ಯ ಬ್ರೆಡ್ಡು ತಿಂದು ಮಲಗುತ್ತಾನೆ. ಇಂಥವನು ಭೂಮಿಯ ಮೇಲೆ ಇಲ್ಲ. ಇದ್ದರೆ ಅವನಿಗೆ ಬೇಕಾಗಿರುವುದು ಗ್ರೈಂಡರ್ ಅಲ್ಲ, ಜೊತೆಗೆ ಉಣ್ಣುವವರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹಾಗೇ ಸುಮ್ಮನಿರಬಹುದಿತ್ತು. ನನ್ನ ಬೆರಳು ಕೇಳಲಿಲ್ಲ. "ಅವನು ನಾನೇ" ಎಂದು ಟೈಪು ಮಾಡಿದೆ.

ಅಷ್ಟು ಮಾಡಬಾರದಿತ್ತು. ಗೇಲಿ ಅಲ್ಲೇ ನಿಂತಿತು. ಅದು ಕ್ಷಮೆ ಕೇಳಿತು. ನನ್ನ ಭಾವನೆಗಳು ಸಹಜವಾದವು ಎಂದಿತು. ಆಪ್ತರೊಂದಿಗೆ ಮಾತಾಡುವುದು ಸಹಾಯವಾಗಬಹುದು, ಸಂಜೆಯ ನಡಿಗೆ ಒಳ್ಳೆಯದು ಎಂದೆಲ್ಲ ಬರೆಯಿತು. ಅದೂ ಕಿತ್ತಳೆ ಹಿಡಿದುಕೊಂಡು ಬಂದುಬಿಟ್ಟಿತ್ತು. "ಅದೆಲ್ಲ ಬೇಡ, ಗೇಲಿ ಮುಂದುವರಿಸು" ಎಂದೆ. ಮುಂದುವರಿಸಿತು. ಆದರೆ ಪುಟಸಂಖ್ಯೆಯನ್ನು, ಅಕ್ಷರದ ಗಾತ್ರವನ್ನು ಮಾತ್ರ ಮುಟ್ಟಿತು, ಅಳುವ ಮಗುವಿಗೆ ಹೆದರಿ ಹೆದರಿ ಕಚಗುಳಿ ಇಟ್ಟ ಹಾಗೆ. ನನಗೆ ಕೆಟ್ಟ ಸಿಟ್ಟು ಬಂತು. ಕಂಪ್ಯೂಟರ್ ಆರಿಸಿ ಕಾರ್ಖಾನೆಯ ಹಿಂದೆ ಹೋಗಿ ನಿಂತೆ. ಗೋಡೆಗೆ ಒರಗಿಸಿಟ್ಟ ಗ್ರೈಂಡರ್ ಕಲ್ಲುಗಳನ್ನು ನೋಡುತ್ತಾ ನಿಂತಾಗ ಅಳು ಬಂತು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ರಾತ್ರಿ ಪಾಳಿ ಮುಗಿಸಿ ಫೋನು ಮಾಡಿದಳು. ಊಟ, ಸೆಕೆ ಮುಗಿಯಿತು. ಇನ್ನು ಇಡುತ್ತಾಳೆ ಅನ್ನುವಾಗ, "ಒಂದು ತಮಾಷೆ ಕೇಳು" ಎಂದು ನನ್ನ ಪುಟ್ಟ ಗ್ರೈಂಡರಿನ ಯೋಜನೆಗೆ ಎಐ ಬರೆದದ್ದರ ಪ್ರಿಂಟು ತೆಗೆದು ಅವಳಿಗೆ ಓದಿ ಹೇಳಿದೆ. ಪೀಠಿಕೆಗೆ ನಕ್ಕಳು. ಬಣ್ಣದ ಹೆಸರುಗಳಿಗೆ ಇನ್ನೂ ನಕ್ಕಳು. ಬಳಕೆದಾರನ ಭಾಗವನ್ನು ಓದುವಾಗ ನಗು ಕೇಳಿಸಲಿಲ್ಲ.

"ಅದು ಒಂದು ಬಿಟ್ಟಿದೆ" ಎಂದಳು ಆಮೇಲೆ.

"ಏನು?"

"ಹೊಯ್ಯುವವರು ತಿನ್ನುದು ಯಾವಾಗ? ಒಬ್ಬರೇ ಆದ್ರೆ ನೀರು ದೋಸೆ ತಣ್ಣಗೆ ತಿನ್ಬೇಕು, ಇಲ್ಲಾಂದ್ರೆ ಒಲೆ ಹತ್ರ ನಿಂತು ತಿನ್ಬೇಕು. ಅದಕ್ಕೆ ನಿಮ್ಮ ಯಂತ್ರದಲ್ಲಿ ಏನು ವ್ಯವಸ್ಥೆ ಉಂಟು ಮಾರಾಯ್ರೇ?"

ಸಾಲು ಸಾಲಾಗಿ ತಪ್ಪು ಹುಡುಕಿದ ಎಐಗೆ ಇದು ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ, ಎಷ್ಟೋ ದಿನದಿಂದ ನಿಂತೇ ತಿನ್ನುತ್ತಿದ್ದರೂ.

"ಯಾರು ಆ ಒಬ್ಬ ಜನ?" ಎಂದು ಕೇಳಿದಳು.

"ಬಳಕೆದಾರ."

"ನಾನು ಕೇಳಿದ್ದು ಜನ ಯಾರಂತ."

"ನಾನು. ಮತ್ತೆ ಯಾರು? ನನ್ನಿಂದ ಒಬ್ಬನೇ ಆಗುದಿಲ್ಲ."

"ಇದೊಂದು ಹೇಳ್ಲಿಕ್ಕೆ ನಿಮಗೆ ಅಷ್ಟು ಪುಟ ಬೇಕಾಯ್ತಾ?"

ಅದು ಅವಳ ಹಳೆಯ ಗೇಲಿ, ಎಷ್ಟೋ ಕಾಲದ ಮೇಲೆ. ನಾನು ನಗಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಹೇಳಿದಳು: "ಮೊನ್ನೆಯೇ ಸೈನ್ ಮಾಡಿ ಕೊಟ್ಟೆ. ಇನ್ನು ವಾಪಸ್ ತೆಗೊಳ್ಳಿಕ್ಕೆ ಆಗುದಿಲ್ಲ. ತೊಂದರೆ ಇಲ್ಲಾಂತ ನೀವೇ ಹೇಳಿದ್ರಲ್ಲ."

ನಾನೇ ಹೇಳಿದ್ದೆ. ಅವಳ ಕಡೆಯಿಂದ ಯಾವುದೋ ಗಾಡಿಯ ಹಾರ್ನು ಕೇಳುತ್ತಿತ್ತು.

ಧಣಿಗಳು ಈ ಯೋಜನೆಯನ್ನು ಮಾತ್ರ ಪೂರ್ತಿ ಓದಿದರು. ಕನ್ನಡಕ ತೆಗೆದು, "ಮಾಡುವ ಮಾರಾಯಾ. ಇಂಥವರು ಈಗ ಎಲ್ಲ ಮನೆಯಲ್ಲಿ ಇದ್ದಾರೆ" ಎಂದರು. ಮಾದರಿ ತಯಾರಾಯಿತು. ಬೆಳ್ತಂಗಡಿಯ ಅಂಗಡಿಗಳಿಗೆ ತೋರಿಸುವ ಮೊದಲು ಮನೆಯಲ್ಲಿ ಬಳಸಿ ನೋಡಿ ಎಂದು ನನ್ನ ಕೈಗೇ ಕೊಟ್ಟರು. ಚಂದದ ಯಂತ್ರ. ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಭಾನುವಾರ ಬೆಳಿಗ್ಗೆ ಕಡೆದೆ. ಹಿಟ್ಟು ಬೆಣ್ಣೆಯ ಹಾಗೆ ಬಂತು. ವಿಡಿಯೊ ಕಾಲ್ ಮಾಡಿ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟೆ. ಹೆಂಡತಿ ಆಗಷ್ಟೇ ಪಾಳಿಯಿಂದ ಬಂದು ಸಮವಸ್ತ್ರದಲ್ಲೇ ಕೂತಿದ್ದಳು, ಎದುರಿಗೆ ಒಂದು ಖುಬ್ಬೂಸು ರೊಟ್ಟಿ, ಚಹಾ. "ನಿಂತು ತಿನ್ಬೇಡಿ, ಕೂತು ತಿನ್ನಿ" ಎಂದು ಆಜ್ಞೆ ಮಾಡಿದಳು. ನಾನು ಒಂದು ಹೊಯ್ದು, ಬೆಂದದ್ದನ್ನು ತಟ್ಟೆಗೆ ಎಬ್ಬಿಸಿ, ಒಲೆ ಸಣ್ಣ ಮಾಡಿ, ಕುರ್ಚಿಗೆ ಬಂದು ಕೂತು, ಬೆಲ್ಲ ಕಾಯಿಯ ಜೊತೆ ತಿಂದು, ಎದ್ದುಹೋಗಿ ಇನ್ನೊಂದು ಹೊಯ್ದೆ. ಕವಾಯತು ಮಾಡ್ತಿದ್ದೀರಾ ಎಂದು ಅವಳು ನಕ್ಕಳು. ನಾನೂ ನಕ್ಕೆ.

ನಾಲ್ಕನೆಯದು ಆದ ಮೇಲೆ ನನಗೆ ತಿಳಿಯದೆಯೇ ಸೌಟನ್ನು ಹಿಡಿಯ ಕಡೆಯಿಂದ ಮುಂದೆ ಚಾಚಿ ತಿರುಗಿದೆ.

"ಯಾರಿಗೆ ಕೊಡ್ತೀರಿ?" ಎಂದಳು.

ಸೌಟನ್ನು ಪಾತ್ರೆಗೆ ವಾಪಸು ಇಡಲು ಹೋದಾಗ ಹಿಟ್ಟು ಅರ್ಧಕ್ಕರ್ಧ ಹಾಗೇ ಇತ್ತು. ಹಿಂದಿನ ರಾತ್ರಿ ಅಕ್ಕಿ ನೆನೆಹಾಕುವಾಗ ಕೈ ಇಬ್ಬರ ಹಳೆಯ ಅಳತೆಯನ್ನೇ ಹಾಕಿತ್ತು. ಒಬ್ಬರಿಗೆಂದು ನಾನೇ ಮಾಡಿಸಿದ ಗ್ರೈಂಡರಿನಲ್ಲಿ ಎರಡು ಸಲ ಕಡೆದಿದ್ದೆ.