ಇಬ್ರಾಹಿಂಪುರದ ರೋಶನಬಿಯ ಹಿತ್ತಲು

ವಿಜಾಪುರದ ಇಬ್ರಾಹಿಂಪುರದಲ್ಲಿ ಇನ್ನೂ ನಸುಕು. ರೋಶನಬಿ ಹಿತ್ತಲಲ್ಲಿ ಒಲೆ ಹೊತ್ತಿಸಿ ಹಂಡೆಗೆ ನೀರು ಸುರಿಯುತ್ತಿದ್ದಾರೆ. ಬಬಲೇಶ್ವರದ ಮೊದಲ ಬಸ್ಸು ಬರುವಷ್ಟರಲ್ಲಿ ನೀರು ಕಾದಿರಬೇಕು. ಬಸ್ಸಿಳಿದ ಕಾಯಿಪಲ್ಲೆಯ ಹೆಂಗಸರು ಓಣಿಯ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಆಳೆತ್ತರದ ಕಲ್ಲುಗೋಡೆಯ ಆಚೆ ಒಂದು ಪಾಯಖಾನೆ, ಪಕ್ಕದಲ್ಲಿ ಬಚ್ಚಲು. ಬಿಸಿನೀರಲ್ಲಿ ಕೈಕಾಲು ಮುಖ ತೊಳೆದು, ಸೆರಗಿನಿಂದ ಒರೆಸಿಕೊಳ್ಳುತ್ತ ರೈಲ್ವೆ ಗೇಟಿನ ಸಂತೆಗೆ ನಡೆಯುತ್ತಾರೆ. ಪ್ರತಿಯೊಬ್ಬರು ಹೋದ ಮೇಲೂ ರೋಶನಬಿ ನೀರು ಹೊಯ್ದು, ಕಸಬರಿಗೆ ಆಡಿಸಿ, ಗುಂಡಿಗೆ ಬೂದಿ ಎರಚುತ್ತಾರೆ.

ಹೊಟ್ಟೆಪಾಡಿಗೆ ಅವರು ಲಂಗ, ಕುಬಸ ಹೊಲಿಯುತ್ತಾರೆ. ಸ್ಟೇಶನ್ನಿನಲ್ಲಿ ಹಮಾಲರಾಗಿದ್ದ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಹಿತ್ತಲ ಕೆಲಸಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಇವರು ಕೇಳುವುದೂ ಇಲ್ಲ. ಯಾರೋ ಒಂದು ಹಿಡಿ ಮೆಂತ್ಯೆ, ಯಾರೋ ಒಂದಿಷ್ಟು ಮೆಣಸಿನಕಾಯಿ ಇಟ್ಟು ಹೋಗುತ್ತಾರೆ.

ಇದು ಶುರುವಾದದ್ದು ಎಪ್ಪತ್ಮೂರರ ಬೇಸಿಗೆಯಲ್ಲಿ. ಬಬಲೇಶ್ವರದ ಸಕ್ರವ್ವ ಬದನೆಕಾಯಿ ಮಾರುತ್ತ ಬಂದವರು ಇವರ ಬಾಗಿಲ ಮುಂದೆಯೇ ತಲೆ ತಿರುಗಿ ಬಿದ್ದರು. ಒಳಗೆ ಕರೆತಂದು ನೀರು ಕೊಟ್ಟರೆ, ತುಟಿ ಒಣಗಿದ್ದರೂ ತಂಬಿಗೆಯನ್ನು ದೂರ ಸರಿಸಿದರು. ಯಾಕೆಂದು ಕೇಳಿದಾಗ ತಲೆ ತಗ್ಗಿಸಿ ಹೇಳಿದರಂತೆ: "ಕುಡದ್ರ ಹೋಗಬೇಕಾಗ್ತೈತಿ, ಯಕ್ಕಾ. ಈ ಊರಾಗ ನಾವು ಎಲ್ಲಿ ಹೋಗೂಣು?"

ಸಂತೆಗೆ ಬರುವ ಹೆಂಗಸರೆಲ್ಲ ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ಹೀಗೆಯೇ ಬಾಯಿ ಒಣಗಿಸಿಕೊಂಡು ಕೂರುತ್ತಾರೆಂದು ರೋಶನಬಿಗೆ ಅಂದೇ ಗೊತ್ತಾದದ್ದು.

"ನಾನೂ ಉಪಾಸ ಇದ್ದಾಕಿ ಅದೀನ್ರಿ. ಹಸಿವಾಗೇತಿ ಅಂತ ಮಂದಿ ಮುಂದ ಹೇಳಬಹುದು. ಇದನ್ನ ಯಾರ ಮುಂದ ಹೇಳೂದ್ರಿ?" ಎನ್ನುತ್ತಾರೆ.

ಮನೆಯ ಪಾಯಖಾನೆಯನ್ನೇ ಅವರಿಗೆ ಬಿಟ್ಟುಕೊಟ್ಟರು. ಆದರೆ ಹಿತ್ತಲು ಮೈದುನ ಫಕ್ರುದ್ದೀನನಿಗೂ ಸೇರಿದ್ದು. ಓಣಿಯವರು ಆಡಿಕೊಂಡು ನಕ್ಕರು. ಊರ ಮಂದಿಯ ಹೊಲಸು ನಮ್ಮ ಮನೆಗೆ ಯಾಕೆ ಎಂದು ಅವನು ಹಿತ್ತಲಿಗೆ ಕೀಲಿ ಜಡಿದ. ಬೇರೆ ಗುಂಡಿ ನಾವೇ ತೋಡಿಕೊಳ್ಳುತ್ತೇವೆ ಎಂದು ಸಕ್ರವ್ವ ಬಂದು ಕೇಳಿಕೊಂಡರೂ ಕರಗಲಿಲ್ಲ.

ಆಗ ಮಾತಾಡಿದ್ದು ಅವನ ಹೆಂಡತಿ ಸಬೀರಾ. ಗಂಡನಿಗೆ ಎಂದೂ ಎದುರಾಡಿದವಳಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮೆಲ್ಲಗೆ ಅಂದಳು: "ನಾ ಮದಿವ್ಯಾಗಿ ಈ ಮನಿಗೆ ಬಂದಾಗ ಪಾಯಖಾನಿ ಇರಲಿಲ್ಲ. ಕತ್ತಲಾಗೂತನಾ ಹೊಟ್ಟಿ ಹಿಡಕೊಂಡು ಕುಂದರತಿದ್ದೆ. ನಿಮಗ ಗೊತ್ತಿತ್ತೇನು?"

ಫಕ್ರುದ್ದೀನ ಊಟ ಬಿಟ್ಟು ಎದ್ದು ಹೋದ. ಸಂಜೆ ಬಂದವನು ಅತ್ತಿಗೆಯ ಕೈಗೆ ಕೀಲಿಕೈ ಕೊಟ್ಟ. ಮರುವಾರ ಹೆಂಗಸರು ಗುದ್ದಲಿ, ಸಲಿಕೆ ಹಿಡಿದು ಬಂದು ಹೊಸ ಗುಂಡಿ ತೋಡಿದರು. ಕಲ್ಲು ಹೊತ್ತು ಗೋಡೆ ಕಟ್ಟಿದವನು ಫಕ್ರುದ್ದೀನನೇ.

ಈಗ ಟಿಕೋಟಾ, ಕನಮಡಿ ಕಡೆಯವರಿಗೂ ಈ ಹಿತ್ತಲು ಗೊತ್ತು. ಮಧ್ಯಾಹ್ನದ ಬಿಸಿಲಿಗೆ ಅವರೆಲ್ಲ ಇಲ್ಲೇ ಬುತ್ತಿ ಬಿಚ್ಚುತ್ತಾರೆ, ಮಕ್ಕಳ ಸುದ್ದಿ ಹೇಳಿಕೊಳ್ಳುತ್ತಾರೆ. ಸಬೀರಾ ಚಹಾ ಕುದಿಸಿ ತರುತ್ತಾಳೆ.

ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದರೆ ರೋಶನಬಿಗೆ ನಗು. ಮನೆತುಂಬ ಮಂದಿ ಇದ್ದರೆ ತನಗೂ ಒಂದು ರೊಟ್ಟಿ ಹೆಚ್ಚು ಹೋಗುತ್ತದಂತೆ. ಇನ್ನೇನು ಬೇಕು ಎಂದರೆ ಪಾಯಖಾನೆಯ ಬಾಗಿಲ ಕಡೆ ಕೈ ತೋರಿಸುತ್ತಾರೆ.

"ಈಗ ತಗಡ ಆನಿಸಿ ಇಡತೇನ್ರಿ. ಒಂದ ಕಟಗಿ ಬಾಗಲಾ ಆಗಬೇಕು, ಒಳಗ ಚಿಲಕಾ ಇರಬೇಕು. ಹೋದಾಕಿ ಚಿಲಕಾ ಹಾಕ್ಕೊಂಡು, ಯಾರ ಬರ್ತಾರೋ ಅನ್ನೂ ಅಂಜಿಕಿ ಇಲ್ದ, ಸಾವಕಾಶ ಕುಂದರಬೇಕ್ರಿ."