ಕುಂಕುಮವಿಟ್ಟ ಕಾರ್ಡು

ಗದ್ವಾಲ ಸೀಮೆಯ ತುಂಗಭದ್ರೆಯ ದಂಡೆಯಲ್ಲಿ ಅಂಬಿಗರ ಅಜ್ಜಿಯೊಬ್ಬಳಿದ್ದಳು. ಫೋಟೊದವನೊಬ್ಬ ಆಗಾಗ ಬಂದು ದಂಡೆಯ ಜನರ ಫೋಟೊ ತೆಗೆದು ಮಾರುತ್ತಿದ್ದ ಚಿತ್ರಕಾರ್ಡುಗಳು ಅವಳ ಗೋಡೆಯ ತುಂಬ. ಅವುಗಳಲ್ಲಿದ್ದ ಯಾರೇ ಸತ್ತರೂ ಕಾರ್ಡಿನಲ್ಲಿ ಅವರ ಹಣೆಗೆ ಕುಂಕುಮ ಒತ್ತಿ, "ಇನ್ನ ಎಲ್ಲೂ ಹೋಗಂಗಿಲ್ಲ" ಅನ್ನುವಳು.

ನಿಜಾಮನ ರಜಾಕಾರರಿಗೆ ಹೆದರಿ ಅದೇ ದಂಡೆಯ ನಮ್ಮ ಮನೆಯವರು ಹೊಳೆ ದಾಟಿ ಓಡಿದೆವು; ಅಜ್ಜಿ ಅಲ್ಲೇ ಉಳಿದಳು. ಪೊಲೀಸ್ ಕಾರ್ಯಾಚರಣೆ ಮುಗಿದು ಮರಳಿದಾಗ ದಂಡೆಯಲ್ಲಿ ಒಂದು ಹರಿಗೋಲೂ ಇರಲಿಲ್ಲ. ಅಜ್ಜಿಯ ಗೋಡೆಯೆಲ್ಲ ಕೆಂಪು. ಒಂದು ಕಾರ್ಡಿನಲ್ಲಿ ಹರಿಗೋಲು ಹಿಡಿದು ನಿಂತ ಹುಡುಗಿ ನಾನು. ನನ್ನ ಹಣೆಗೂ ಕುಂಕುಮ!

"ಅಜ್ಜೀ, ನಾ ಬದುಕೀನಿ," ಎಂದೆ.

ಅಜ್ಜಿ ಗಾಬರಿಯಾಗಿ ಸೆರಗಿನಿಂದ ಕಾರ್ಡು ಉಜ್ಜಿದಳು. ನನ್ನ ಮುಖ ಅಳಿಸಿಹೋಯಿತು, ಕುಂಕುಮ ಹಾಗೇ ಉಳಿಯಿತು. ಅದನ್ನೇ ನೋಡುತ್ತ ನನ್ನ ಮುಂಗೈ ಬಿಗಿಹಿಡಿದು ಅಂದಳು: "ನೀ ಇನ್ನ ಎಲ್ಲೂ ಹೋಗಂಗಿಲ್ಲವ್ವಾ."